ಬೋಟಿನ ಶಾಫ್ಟ್‌ಗೆ ಥ್ರೆಡ್ ಹಾಕಿದ ದಿನ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಮಲ್ಪೆಯ ಬೋಟುಗಳಿಗೆ ರಜೆ, ಲೋಹವನ್ನು ತಿರುಗಿಸಿ ಕೊರೆಯುವ ಲೇತ್ ಯಂತ್ರದ ನಮ್ಮಂಥ ಕೆಲಸದವರಿಗೆ ಮಾತ್ರ ಕೈತುಂಬ ಕೆಲಸ. ಜುಲೈ ಕೊನೆ ಬಂತೆಂದರೆ ಎಲ್ಲರದ್ದೂ ಅವಸರವೇ.

ಅಂಥ ಒಂದು ದಿನ ಬೋಟಿನ ಧನಿಯೊಬ್ಬರು ಹೊಸ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್ ತಂದರು. ಹಳೆಯದು ಬಾಗಿತ್ತು. ಫ್ಯಾನು, ಅಂದರೆ ಬೋಟನ್ನು ನೂಕುವ ಪ್ರೊಪೆಲ್ಲರ್, ಮತ್ತು ಅದನ್ನು ಶಾಫ್ಟಿಗೆ ಬಿಗಿಯುವ ಕಂಚಿನ ನಟ್ಟು ಎರಡೂ ಚೆನ್ನಾಗಿದ್ದವು. ಫ್ಯಾನು ಕೂರುವ ಇಳಿಜಾರು ಭಾಗ (ಟೇಪರ್), ಅದು ಜಾರದಂತೆ ಕೀಲಿ ಕೂರುವ ಸೀಳು (ಕೀ ವೇ) ಎಲ್ಲ ಮುಗಿದು ನಟ್ಟು ಕೂರುವ ತುದಿಯ ಥ್ರೆಡ್, ಅಂದರೆ ಸುತ್ತುಗೀರು, ಮಾತ್ರ ಬಾಕಿ ಇತ್ತು.

"ಡೈ ಹಾಕಿ ತಿರುಗಿಸಿ ಕೊಡಿ ಮಾರಾಯ್ರೆ, ಸಂಜೆಯೊಳಗೆ ಆಗ್ತದೆ ಅಲ್ವಾ?" ಎಂದರು.

"ಧನಿ, ಇದಕ್ಕೆ ಡೈ ಬೇಡ. ಸಂಜೆಯೊಳಗೆ ಆಗ್ತದೆ, ಆದರೆ ಬಿಟ್‌ನಲ್ಲೇ ಕೊರೆಯುವ" ಎಂದೆ.

ಡೈ ಅಂದರೆ ಸರಳಿನ ಮೇಲೆ ತಿರುಗಿಸುತ್ತ ಥ್ರೆಡ್ ಕೊರೆಯುವ ಹಲ್ಲಿನ ಉಂಗುರ; ಬಿಟ್ ಅಂದರೆ ಲೇತಿಗೆ ಕಟ್ಟುವ ಮೊನಚು ಉಳಿ. ಸುಮ್ನೆ ಹಟಕ್ಕೆ ಹೇಳಿದ್ದಲ್ಲ. ನಟ್ಟಿಗೆ ಪಿಚ್ ಗೇಜ್ (ಗೀರುಗಳ ನಡುವಿನ ಅಂತರ, ಅಂದರೆ ಪಿಚ್, ನೋಡುವ ಹಲ್ಲಿನ ಎಲೆಗಳು) ಹಿಡಿದು ನೋಡಿದರೆ ಮಿಲಿಮೀಟರ್ ಎಲೆ ಯಾವುದೂ ಕೂರಲಿಲ್ಲ. ಕೂತದ್ದು ಇಂಚಿಗೆ 7 ಥ್ರೆಡ್ ಇರುವ, ಬ್ರಿಟಿಷ್ ಇಂಚಿನ ಕ್ರಮದ ವಿಟ್‌ವರ್ತ್ ಎಲೆ. ಒಂದೂಕಾಲು ಇಂಚಿನ ಹಳೇ ಕಾಲದ ಥ್ರೆಡ್ ಅದು. ಅದರ ಕೋನ 55 ಡಿಗ್ರಿ, ಮೆಟ್ರಿಕ್‌ನಂತೆ 60 ಅಲ್ಲ. ಆ ಅಳತೆಯ ಡೈ ನಮ್ಮಲ್ಲಿ ಇರಲಿಲ್ಲ. ಇದ್ದಿದ್ದರೂ ನಾನು ಹಾಕುತ್ತಿರಲಿಲ್ಲ. ಇಷ್ಟು ದಪ್ಪದ ಸ್ಟೀಲನ್ನು ಡೈ ಒಂದೇ ಏಟಿಗೆ ಪೂರ್ತಿ ಆಳಕ್ಕೆ ಕೊರೆಯಬೇಕು, ಅದಕ್ಕೆ ವಿಪರೀತ ಬಲ ಬೇಕು. ಅದೂ ಅಲ್ಲದೆ ಡೈ ಹೇಗೆ ಕಚ್ಚಿಕೊಂಡು ಹೊರಡುತ್ತದೋ ಹಾಗೇ ಹೋಗುತ್ತದೆ. ಶುರುವಿನಲ್ಲಿ ಸ್ವಲ್ಪ ವಾಲಿದರೆ ಕೊನೆತನಕ ವಾಲಿಯೇ ಇರುತ್ತದೆ. ಆಮೇಲೆ ನಟ್ಟು ಫ್ಯಾನಿನ ಮೇಲೆ ಒಂದೇ ಬದಿಗೆ ಒತ್ತುತ್ತದೆ. ನಡುಗಡಲಲ್ಲಿ ಆ ನಟ್ಟು ಸಡಿಲವಾದರೆ ಬೋಟಿನಲ್ಲಿದ್ದವರ ಗತಿ ಏನು? ನನಗೆ ಅದೇ ಚಿಂತೆ. ಬಿಟ್‌ನಲ್ಲಿ ಕೊರೆದರೆ ಟೇಪರ್ ಯಾವ ಸೆಂಟರಿಗೆ ಇದೆಯೋ ಥ್ರೆಡ್ಡೂ ಅದೇ ಸೆಂಟರಿಗೆ ಬರುತ್ತದೆ.

ದೊಡ್ಡ ಕಾರ್ಖಾನೆಗಳಲ್ಲಿ ಥ್ರೆಡ್ ರೋಲಿಂಗ್ ಮಾಡುತ್ತಾರೆ. ಕಬ್ಬಿಣವನ್ನು ಕೊರೆಯದೆ ಒತ್ತಿಯೇ ಥ್ರೆಡ್ ಎಬ್ಬಿಸುವ ಕ್ರಮ, ಬಲವೂ ಜಾಸ್ತಿ. ಆದರೆ ಅದು ಸಾವಿರಗಟ್ಟಲೆ ಬೋಲ್ಟ್ ಮಾಡುವವರಿಗೆ ಸರಿ. ಒಂದೇ ಶಾಫ್ಟ್‌ಗೆ ಯಾರೂ ಹಾಗೆ ಮಾಡುವುದಿಲ್ಲ.

ಬಿಟ್ಟನ್ನು 55 ಡಿಗ್ರಿಗೆ ಮಸೆದು ಗೇಜಿಗೆ ಹಿಡಿದು ನೋಡಿದೆ. ಶಾಫ್ಟಿನ ಉದ್ದಕ್ಕೆ ಸ್ಟೆಡಿ ಎಂಬ ಆಧಾರ ಕೊಟ್ಟು, ತುದಿಗೆ ಸೆಂಟರಿನ ಮೊನೆ ಕೊಟ್ಟೆ. ಬಿಟ್ ಬಂದು ನಿಲ್ಲಲು ಥ್ರೆಡ್ ಮುಗಿಯುವಲ್ಲಿ ಒಂದು ಗ್ರೂವ್ ಹಾಕಿದೆ. ಬಿಟ್ ಕೂತ ಮೇಲಿನ ಸ್ಲೈಡನ್ನು 27 ಡಿಗ್ರಿಗೆ ತಿರುಗಿಸಿದೆ. ಹೀಗೆ ಮಾಡಿದರೆ ಬಿಟ್‌ನ ಒಂದೇ ಮಗ್ಗುಲು ಹೆಚ್ಚು ಕೊರೆಯುತ್ತದೆ, ಸಿಬಿರು ಸಲೀಸಾಗಿ ಹೊರಬರುತ್ತದೆ.

ಬಿಟ್ಟನ್ನು ಹೊತ್ತ ಕ್ಯಾರೇಜನ್ನು ಸರಿಸುವ ನಮ್ಮ ಲೇತಿನ ಲೀಡ್ ಸ್ಕ್ರೂನಲ್ಲಿ ಇಂಚಿಗೆ 4 ಥ್ರೆಡ್. ಹಾಕಬೇಕಾದದ್ದು 7. ಅದೂ ಅದೇ ಗೀರಿನಲ್ಲಿ ಹಲವು ಸಲ ಕೊರೆಯಬೇಕು. ಹಾಗಾಗಿ ಕ್ಯಾರೇಜನ್ನು ಆ ಸ್ಕ್ರೂಗೆ ಕಚ್ಚಿಸುವ ಹಾಫ್ ನಟ್ಟನ್ನು ಸಿಕ್ಕಲ್ಲಿ ಒತ್ತುವಂತಿಲ್ಲ. ಕ್ಯಾರೇಜ್ ಪೂರ್ತಿ ಇಂಚಿನ ಲೆಕ್ಕದಲ್ಲಿ ಸರಿದಿರಬೇಕು, ಇಲ್ಲವಾದರೆ ಹಳೇ ಗೀರಿನ ನಡುವೆ ಹೊಸ ಗೀರು ಬಿದ್ದು ಶಾಫ್ಟ್ ಹಾಳು. ಒತ್ತುವ ಗಳಿಗೆ ತೋರಿಸುವ ಡಯಲಿನ ಅಂಕಿ ಇರುವ ಗೆರೆ ಬಂದಾಗ ಮಾತ್ರ ಒತ್ತಬೇಕು. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾಗುವ ಗಳಿಗೆ ಅದೇ. ಕಣ್ಣು ಡಯಲಿನ ಮೇಲೆ, ಕೈ ಹಿಡಿಯ ಮೇಲೆ, ಬೇರೆ ಯೋಚನೆಯೇ ಇಲ್ಲ.

ಈ ಸ್ಟೀಲಿನ ಮೇಲೆ ಬಿಟ್ ಕೊರೆಯದೆ ಬರೀ ಉಜ್ಜಿದರೆ ಮೇಲ್ಮೈ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ವೇಗ ಕಡಿಮೆ, ಎಣ್ಣೆ ಧಾರಾಳ, ಪ್ರತಿ ಸಲ ಸ್ವಲ್ಪವಾದರೂ ಕೊರೆತ. ಲೆಕ್ಕದ ಪ್ರಕಾರ ಆಳ 2.32 ಮಿಲಿಮೀಟರ್. ಅದರ ಹತ್ತಿರ ಬಂದ ಮೇಲೆ ನಾನು ಅಂಕಿ ನಂಬುವುದಕ್ಕಿಂತ ನಟ್ಟನ್ನೇ ನಂಬುತ್ತೇನೆ. ಸೀಮೆಎಣ್ಣೆಯಲ್ಲಿ ತೊಳೆದ ನಟ್ಟನ್ನು ಹಾಕಿ ನೋಡುವುದು, ಇನ್ನೂ ಕೂದಲೆಳೆಯಷ್ಟು ತೆಗೆಯುವುದು, ಮತ್ತೆ ಹಾಕಿ ನೋಡುವುದು. ಕೊನೆಗೆ ಅಲುಗಾಟವಿಲ್ಲದೆ ಬೆರಳಲ್ಲೇ ಪೂರ್ತಿ ಹೋಯಿತು.

ಧನಿ ತಾವೇ ಬಿಚ್ಚಿ, ಮತ್ತೆ ಹಾಕಿ ನೋಡಿದರು. ಆಮೇಲೆ ಚೀಲದಿಂದ ಇಂಜಿನ್ ಫೌಂಡೇಶನ್ನಿನ ಸಣ್ಣ ಸ್ಟಡ್‌ಗಳ ಸರಳು ತೆಗೆದರು. "ಇದಕ್ಕೂ ಹೀಗೇ ಮಾಡ್ಬೇಕಾ?" ಎಂದು ಕೇಳಿದರು. 12 ಎಂಎಂನ ಮೈಲ್ಡ್ ಸ್ಟೀಲ್ ಸರಳು, ಬೇಕಾದದ್ದು ಮಾಮೂಲಿ 1.75ರ ಪಿಚ್. "ಇದಕ್ಕೆ ಡೈ ಸಾಕು ಧನಿ" ಎಂದೆ. ತುದಿಯ ಅಂಚು ಸ್ವಲ್ಪ ಓರೆಯಾಗಿ ಚೇಂಫರ್ ಮಾಡಿ, ಡೈ ವಾಲದಂತೆ ಹಿಂದಿನಿಂದ ಟೇಲ್ ಸ್ಟಾಕ್ ಒತ್ತು ಕೊಟ್ಟು, ಸರಳು ಹಿಡಿದ ಚಕ್ ಕೈಯಲ್ಲೇ ತಿರುಗಿಸತೊಡಗಿದೆ.