ಕೆಲಸವೇ ಇಲ್ಲದವರಿಗೆ ಉಳಿತಾಯದ ಮಾತೇಕೆ?

ಕಲಬುರಗಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಜೊತೆ ಕುಳಿತು ಬ್ಯಾಂಕಿನ ಅರ್ಜಿ ತುಂಬಿಸುವುದು, ಸಾಲದ ಲೆಕ್ಕ ಬಿಡಿಸಿ ಹೇಳುವುದು, ನೌಕರಿಯ ಅಧಿಸೂಚನೆ ಓದಿ ತಿಳಿಸುವುದು ನನ್ನ ಕೆಲಸ. ಇದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ: “ಮೇಡಂ, ಮೊದಲು ಅವರಿಗೆ ಒಂದು ಕೆಲಸ ಕೊಡಿಸಿ. ಗಳಿಕೆಯೇ ಇಲ್ಲದವರಿಗೆ ಉಳಿತಾಯದ ಪಾಠ ಏಕೆ?”

ಕೇಳುವವರಲ್ಲಿ ಹೆಚ್ಚಿನವರು ಕಾಳಜಿಯಿಂದಲೇ ಕೇಳುತ್ತಾರೆ. ಆದರೂ ನಾನು ಒಪ್ಪುವುದಿಲ್ಲ. ಕೈಯಲ್ಲಿ ಸ್ವಲ್ಪ ಹಣ ಉಳಿಯದಿದ್ದರೆ ಸಿಕ್ಕ ಕೆಲಸವೂ ನಿಲ್ಲುವುದಿಲ್ಲ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ವಾಡಿಯಿಂದ ಸೊಲ್ಲಾಪುರದ ಕಡೆಗೆ ಹೋಗುವ ರೈಲುಗಳಲ್ಲಿ ಕೈ ಚಾಚುವವರು, ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ನಡೆಯುವವರು, ತೊಟ್ಟಿಲ ಮನೆಗೆ ಹರಸಲು ಹೋಗುವವರು ಆಯಾ ದಿನದ ಹಣದಲ್ಲಿ ಆಯಾ ದಿನ ಬದುಕುತ್ತಾರೆ. ಅಂಥವರಿಗೆ ತಿಂಗಳ ಸಂಬಳದ ಕೆಲಸ ಸಿಕ್ಕಿತು ಎನ್ನಿ. ಮೊದಲ ಸಂಬಳ ಬರುವವರೆಗಿನ ಮೂವತ್ತು ದಿನ ಊಟ, ಬಾಡಿಗೆ, ಸಾಲದ ಕಂತು ಎಲ್ಲಿಂದ ಬರಬೇಕು? ಹದಿನೈದನೆಯ ದಿನಕ್ಕೆ ಅವರು ಮತ್ತೆ ರೈಲು ಹತ್ತುತ್ತಾರೆ. ಮಾಲೀಕರು “ಇವರು ಒಂದು ಕಡೆ ನಿಲ್ಲುವುದಿಲ್ಲ” ಎಂದು ತೀರ್ಪು ಕೊಡುತ್ತಾರೆ, ಮುಂದೆ ಬರುವವರಿಗೂ ಬಾಗಿಲು ಮುಚ್ಚುತ್ತದೆ. ಒಂದು ತಿಂಗಳ ಖರ್ಚು ಖಾತೆಯಲ್ಲಿದ್ದಿದ್ದರೆ ಈ ಕಥೆ ಬೇರೆ ಆಗುತ್ತಿತ್ತು.

ಅವರಿಗೆ ಉಳಿಸಲು ಬರುವುದಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. ಭಿಶಿ, ಅಂದರೆ ತಮ್ಮತಮ್ಮಲ್ಲೇ ನಡೆಸುವ ಚೀಟಿ, ಕಟ್ಟುವುದರಲ್ಲಿ ಅವರ ಶಿಸ್ತು ನೋಡಬೇಕು. ಕಷ್ಟಕಾಲಕ್ಕೆಂದು ಕಿವಿಯ ಓಲೆ, ಕೈಯ ಬಳೆ ಮಾಡಿಸಿಟ್ಟುಕೊಂಡಿರುತ್ತಾರೆ. ಹಣ ಸೋರುವುದು ಬೇರೆ ಕಡೆ. ಇವರೆಂದರೆ ಮನೆ ಕೊಡದವರೇ ಹೆಚ್ಚು, ಕೊಡುವವರು ಹೆಚ್ಚು ಬಾಡಿಗೆ ಕೇಳುತ್ತಾರೆ. ಶಸ್ತ್ರಚಿಕಿತ್ಸೆಗೆಂದು ಖಾಸಗಿಯವರಲ್ಲಿ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಗೆ 50,000 ಎತ್ತಿದರೆ ವರ್ಷಕ್ಕೆ 30,000 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲು ಹಾಗೆಯೇ ನಿಂತಿರುತ್ತದೆ. ಇದ್ದ ಚಿನ್ನವನ್ನೇ ಬ್ಯಾಂಕಿನಲ್ಲಿ ಅಡವಿಟ್ಟರೆ ಬಡ್ಡಿ ಅದರ ಅರ್ಧವೂ ಆಗುವುದಿಲ್ಲ. ಆದರೆ ಬ್ಯಾಂಕಿನ ಒಳಗೆ ಹೋಗಲು ಹೆಸರು ಬೇಕು.

ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಬದುಕಿನಲ್ಲಿ ಇನ್ನೊಂದು. ಮನೆ ಬಿಟ್ಟು ಬರುವಾಗ ಕಾಗದಗಳೆಲ್ಲ ಅಲ್ಲೇ ಉಳಿದಿರುತ್ತವೆ. ಅರ್ಜಿ ನಮೂನೆಗಳಲ್ಲಿ ತೃತೀಯ ಲಿಂಗದ ಆಯ್ಕೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2015ರ ಏಪ್ರಿಲ್‌ನಲ್ಲಿಯೇ ಬ್ಯಾಂಕುಗಳಿಗೆ ಹೇಳಿದೆ. ಪ್ಯಾನ್ ಅರ್ಜಿಯಲ್ಲಿ 2018ರಲ್ಲಿ ಆ ಆಯ್ಕೆ ಬಂತು. ನಾನು ಹೇಳುವ ಕ್ರಮ ಇದು: 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಮೊದಲು, ಆಮೇಲೆ ಆಧಾರ್, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್ ಖಾತೆ. ಕ್ರಮ ಹಿಂದೆ ಮುಂದೆ ಆದರೆ ಆಧಾರ್ ಮತ್ತು ಪ್ಯಾನ್ ತಾಳೆಯಾಗದೆ ಜೋಡಣೆ ಅಲ್ಲೇ ನಿಲ್ಲುತ್ತದೆ. ಅಂಕಪಟ್ಟಿಯ ಹೆಸರನ್ನೂ ಮರೆಯಬಾರದು, ನೌಕರಿಯ ದಾಖಲೆ ಪರಿಶೀಲನೆಯಲ್ಲಿ ಮೊದಲು ಕೇಳುವುದು ಅದನ್ನೇ.

ಖಾತೆ ತೆರೆದ ಮೇಲೆ ನಾನು ಬಿಡದೆ ಮಾತನಾಡುವ ವಿಷಯವೊಂದಿದೆ, ಸಾವಿನ ನಂತರದ ಹಣ. ಸಮುದಾಯದ ಒಬ್ಬ ಹಿರಿಯ ಗುರು, ಮಗಳಂತೆ ಜೊತೆಗಿರುವ ತಮ್ಮ ಚೇಲಾಳನ್ನು (ಶಿಷ್ಯೆಯನ್ನು) ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: “ನನಗೆ ಮಣ್ಣು ಕೊಡುವವಳು ಇವಳು. ನನ್ನ ಹಣ ಮಾತ್ರ ನನ್ನನ್ನು ಹೊರಗೆ ಹಾಕಿದ ಅಣ್ಣನಿಗೆ ಹೋಗಬೇಕೇನಮ್ಮಾ?” ನಾಮಿನಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ, ಚೇಲಾಳ ಹೆಸರು ಬರೆಸಬಹುದು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೂ ನಾಮಿನಿ ಇಡಬಹುದು. ಆದರೆ ನಾಮಿನಿ ಬ್ಯಾಂಕಿನಿಂದ ಹಣವನ್ನು ಪಡೆದುಕೊಳ್ಳುವವರು ಮಾತ್ರ, ಅದರ ಒಡೆಯರಲ್ಲ. ಕಾನೂನಿನ ವಾರಸುದಾರರು ಬಂದು ಹಕ್ಕು ಕೇಳಬಹುದು, ಮತ್ತು ಗುರು-ಚೇಲಾ ಸಂಬಂಧ ನಮ್ಮ ವಾರಸಾ ಕಾನೂನುಗಳಲ್ಲಿ ಇಲ್ಲ. ಜೀವನವಿಡೀ ಒಬ್ಬರಿಗೊಬ್ಬರು ಅನ್ನ ಹಾಕಿದವರು ಕಾಗದದಲ್ಲಿ ಅಪರಿಚಿತರು. ಅದಕ್ಕೇ ಉಯಿಲು ಬರೆಯಿರಿ ಎನ್ನುತ್ತೇನೆ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಸಹಿಗೆ ಇಬ್ಬರು ಸಾಕ್ಷಿಗಳಿರಬೇಕು, ಅವರು ಆ ಹಣ ಪಡೆಯುವವರಾಗಿರದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಸೂಫಿ ಸಂತ ಬಂದೇ ನವಾಜರ ಈ ಊರಿನಲ್ಲಿ ಮುಸ್ಲಿಂ ಸಮುದಾಯದವರೂ ನನ್ನಲ್ಲಿಗೆ ಬರುತ್ತಾರೆ. ಅವರ ವೈಯಕ್ತಿಕ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೆಯ ಒಂದು ಭಾಗವನ್ನಷ್ಟೇ ಹೀಗೆ ಬರೆದುಕೊಡಲು ಬರುತ್ತದೆ. ಇದನ್ನು ಮೊದಲೇ ತಿಳಿಸಬೇಕು.

ಹೆಣ್ಣು, ಗಂಡು ಎರಡೂ ಅಲ್ಲ ಎಂದು ತಮ್ಮನ್ನು ಅರಿತುಕೊಂಡ, ಮನೆಯವರಿಗೆ ಇನ್ನೂ ಹೇಳದ ಕಾಲೇಜಿನ ವಿದ್ಯಾರ್ಥಿಗಳೂ ಬರುತ್ತಾರೆ. ತಂದೆಯ ಜೊತೆ ಜಂಟಿಯಾಗಿರುವ ಖಾತೆಗೆ ಸಂಬಳ ಬರುವುದು ಬೇಡ, ನಿಮ್ಮದೇ ಖಾತೆ ತೆರೆಯಿರಿ ಎಂಬುದು ಅವರಿಗೆ ನನ್ನ ಮೊದಲ ಮಾತು. ಮನೆಯಲ್ಲಿ ಮಾತು ಮುರಿದರೆ ಹಾಸ್ಟೆಲ್ ಶುಲ್ಕ ಕಟ್ಟಲು ಅದೇ ಆಸರೆ.

ಇನ್ನು ಸರ್ಕಾರಿ ಕೆಲಸ. ನೇರ ನೇಮಕಾತಿಯಲ್ಲಿ ಎಲ್ಲ ಪ್ರವರ್ಗಗಳಲ್ಲೂ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಲ ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ಕೊಟ್ಟಿತು, ದೇಶದಲ್ಲೇ ಮೊದಲು. ನಮ್ಮ ಭಾಗದವರಿಗೆ ಇದರ ಜೊತೆಗೆ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕಿರುವ ಮೀಸಲಾತಿ ಕೂಡ ಇದೆ. ಎರಡೂ ಪ್ರಮಾಣಪತ್ರ ಕೈಯಲ್ಲಿರುವವರಿಗೆ ಇದು ದೊಡ್ಡ ಅವಕಾಶ. ಅರ್ಹರು ಸಿಗದಿದ್ದರೆ ಆ ಹುದ್ದೆ ಅದೇ ಪ್ರವರ್ಗದ ಬೇರೆಯವರಿಗೆ ಹೋಗುತ್ತದೆ, ಅದು ನನಗೆ ಸಹಿಸಲಾಗದ ಸಂಗತಿ. ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಅಪಹಾಸ್ಯ ತಾಳದೆ ಶಾಲೆ ಬಿಟ್ಟವರು ಅರ್ಹರಾಗುವುದು ಹೇಗೆ? ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ಓದುವ ತಿಂಗಳುಗಳಲ್ಲಿ ಬಾಡಿಗೆ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ ಅಲ್ಲಿಯೂ ಕಾದಿರುತ್ತದೆ. ಆಗಲೂ ಆಧಾರವಾಗುವುದು ಅದೇ ಖಾತೆ.

ಚಿತ್ತಾಪುರ, ಶಹಾಬಾದಿನಿಂದ ನಿತ್ಯ ಕಲಬುರಗಿಗೆ ಕೆಲಸಕ್ಕೆ ಬರಲು ಬಸ್ಸಿನ ಖರ್ಚಾದರೂ ಈಗಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಂತೆ ಇವರಿಗೂ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ.

“ಕೆಲಸ ಕೊಡಿಸಿ” ಎನ್ನುವವರಲ್ಲಿ ದಾಲ್ ಮಿಲ್, ಬಟ್ಟೆ ಅಂಗಡಿ, ಖಾನಾವಳಿ ನಡೆಸುವವರೂ ಇದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟು. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಸಂಬಳ ಕೊಡಿ, ಅದನ್ನು ಖಾತೆಗೇ ಹಾಕಿ. ಹಾಜರಿ ಪುಸ್ತಕದಲ್ಲಿ ಅವರು ಹೇಳುವ ಹೆಸರನ್ನೇ ಬರೆಯಿರಿ. ಯಾವ ಶೌಚಾಲಯ ಬಳಸಬೇಕೆಂದು ಮೊದಲ ದಿನವೇ ಅವರನ್ನು ಕೇಳಿ, ಉಳಿದ ಕೆಲಸಗಾರರಿಗೂ ನೀವೇ ಹೇಳಿ. ಪಿಎಫ್, ಇಎಸ್‌ಐ ಅನ್ವಯಿಸುವ ಕಡೆ ಬೇರೆಯವರಂತೆ ಅವರ ಹೆಸರನ್ನೂ ಸೇರಿಸಿ. ಅರ್ಜಿ ತುಂಬುವ ಕೆಲಸಕ್ಕೆ ನಾನು ಬರುತ್ತೇನೆ.