ಖರೇ ಲೆಕ್ಕ ಹೇಳಿದ್ರ ರೇಶನ್ ಕಾರ್ಡ್ ಹೊಕ್ಕೈತೇನ್ರಿ?

ಇಂಡಿ, ಸಿಂದಗಿ ಕಡೆ ಮನೆ ಸಮೀಕ್ಷೆಯ ಮಾತು ಬಂದಾಗಲೆಲ್ಲ ಕಟ್ಟೆಯ ಮೇಲಿನ ಮೊದಲ ಪ್ರಶ್ನೆ ಇದು. ಉತ್ತರ: ಇಲ್ಲ. ಇಂಥ ಸಮೀಕ್ಷೆ ಮಾಡುವ ಸಂಸ್ಥೆಗಳಲ್ಲೊಂದಾದ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ, ಅಂದರೆ ಎನ್‌ಸಿಎಇಆರ್, ಸರಕಾರಿ ಕಚೇರಿಯಲ್ಲ. ‘ಮಂಡಳಿ’ ಎಂದ ಕೂಡಲೇ ಕರೆಂಟಿನವರು ನೆನಪಾದರೆ ತಪ್ಪೇನಿಲ್ಲ ಬಿಡಿ. 1956ರಲ್ಲಿ ದೆಹಲಿಯಲ್ಲಿ ಹುಟ್ಟಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಅದು. ಸರಕಾರಕ್ಕೂ ಖಾಸಗಿಯವರಿಗೂ ಅಧ್ಯಯನ ಮಾಡಿಕೊಡುತ್ತದೆ. ಕಾರ್ಡು ಕೊಡುವುದೂ ಕಸಿಯುವುದೂ ಅದರ ಕೈಯಲ್ಲಿಲ್ಲ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೊತೆ ಅದು ನಡೆಸಿದ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ 2004-05ರಲ್ಲಿ 41,554 ಕುಟುಂಬಗಳಿದ್ದವು. 2011-12ರಲ್ಲಿ ಮತ್ತೆ ಅದೇ ಮನೆಗಳ ಬಾಗಿಲಿಗೆ ಹೋದರು, ನೂರಕ್ಕೆ 83 ಮನೆಯವರು ಸಿಕ್ಕರು. ಸಂಶೋಧಕರ ಕೈಗೆ ಹೋಗುವ ಕಡತದಲ್ಲಿ ನಿಮ್ಮ ಹೆಸರಿರುವುದಿಲ್ಲ.

‘ನಮ್ಮ ಮನೀನ ಯಾಕ?’ ಇಂಥ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಊರಿನ ಮನೆಗಳನ್ನೆಲ್ಲ ಮೊದಲು ಪಟ್ಟಿ ಮಾಡುತ್ತಾರೆ. 300 ಮನೆಗಳಲ್ಲಿ 20 ಬೇಕಾದರೆ 15ಕ್ಕೊಂದು. 1ರಿಂದ 15ರೊಳಗೆ ಚೀಟಿ ಎತ್ತಿದಾಗ 7 ಬಂದರೆ ಪಟ್ಟಿಯ 7, 22, 37ನೇ ಮನೆ, ಹೀಗೆ. ಗೌಡರ ಮನೆ, ಬಡವರ ಮನೆ ಎಂದು ಆರಿಸುವುದಿಲ್ಲ.

ನಮ್ಮ ಭಾಗದಲ್ಲಿ ಲೆಕ್ಕ ಕೆಡುವುದು ಜೋಳದಲ್ಲಿ. ‘ತಿಂಗಳಿಗೆ ಜೋಳಕ್ಕೆಷ್ಟು ಖರ್ಚು?’ ಎಂದು ಕೇಳಿದರೆ ‘ಏನೂ ಇಲ್ರಿ, ಮನ್ಯಾಗಿನದು’ ಅನ್ನುತ್ತಾರೆ. ಬರೆಯುವವನು ಸೊನ್ನೆ ಹಾಕಿದರೆ ಮುಗಿಯಿತು. ಐದು ಮಂದಿಯ ಮನೆಯಲ್ಲಿ ತಿಂಗಳಿಗೆ 50 ಕೆಜಿ ಬೀಸಿದರು, ಊರಿನ ದರ ಕೆಜಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ: 2,000 ರೂಪಾಯಿ, ವರ್ಷಕ್ಕೆ 24,000. ಅಷ್ಟೂ ಕಾಗದದಿಂದ ಮಾಯ. ದಿನಾ ರೊಟ್ಟಿ ಉಂಡ ಮನೆ ಉಪವಾಸವಿದ್ದಂತೆ ಕಾಣುತ್ತದೆ. ಆದ್ದರಿಂದ ‘ಗಿರಣಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಕಿಲೋ ಒಯ್ತೀರಿ?’ ಎಂದೇ ಕೇಳಬೇಕು. ರೇಶನ್ ಅಕ್ಕಿ, ಸಂತೆಯಲ್ಲಿ ಕೊಂಡದ್ದು, ಹೊಲದ್ದು, ಮೂರೂ ಬೇರೆ ಬೇರೆ. ಕಾಳುಕಡಿಗೆ 30 ದಿನದ ಲೆಕ್ಕ, ಬಟ್ಟೆ, ಚಪ್ಪಲಿಗೆ 365 ದಿನದ್ದು. ಇವೆರಡು ಬೆರೆತರೆ ಮದುವೆ ಸೀರೆಯೂ ತಿಂಗಳ ಖರ್ಚಾಗುತ್ತದೆ.

ಇನ್ನೊಂದು, ಕೀಲಿ ಹಾಕಿದ ಮನೆ. ಕಬ್ಬು ಕಡಿಯಲು ಹೋದವರ ಬದಲು ಪಕ್ಕದ ಮನೆ ಹೊಕ್ಕರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಉಳಿದವರು ಹೆಚ್ಚಾಗಿ ಹೊಲ, ಬಾವಿ ಇದ್ದವರು. ಊರು ಇದ್ದದ್ದಕ್ಕಿಂತ ಸಿರಿವಂತವಾಗಿ ಕಾಣುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ ಬಂದು ನೋಡಲೇಬೇಕು.

ಬಂದವರ ಗುರುತಿನ ಚೀಟಿ, ಸಂಸ್ಥೆಯ ಪತ್ರ ನೋಡಿಯೇ ಕೂರಿಸಿ. ಬೇಡವೆನಿಸಿದ ಪ್ರಶ್ನೆಗೆ ‘ಹೇಳಂಗಿಲ್ರಿ’ ಅನ್ನಬಹುದು. ಸುಳ್ಳು ಅಂಕಿಗಿಂತ ಅದೇ ಮೇಲು. ಒಟಿಪಿ, ಎಟಿಎಂ ಪಿನ್ ಕೇಳಿದರೆ ಮಾತ್ರ ಅದು ಸಮೀಕ್ಷೆಯೇ ಅಲ್ಲ, ಚಹಾ ಕೂಡ ಕೊಡದೆ ಕಳಿಸಿ.