ಹೊಟ್ಟೆಗೆ ತುಂಬಿದ ಗ್ಯಾಸ್ ಎಲ್ಲಿ ಹೋಗುತ್ತದೆ?

ನಾನು ಕುಮಟಾದಲ್ಲಿ ಸರ್ಜರಿ ವಾರ್ಡಿನ ನರ್ಸ್. ಪಿತ್ತಕೋಶದ ಕಲ್ಲಿಗೋ ಅಪೆಂಡಿಕ್ಸಿಗೋ ಲ್ಯಾಪರೋಸ್ಕೋಪಿ (ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್) ಆದವರ ಮನೆಯವರು ತಪ್ಪದೇ ಕೇಳುವುದು ಇದನ್ನೇ: "ತಂಗೀ, ಹೊಟ್ಟೆಗೆ ಗ್ಯಾಸ್ ತುಂಬಿದ್ರಂತಲ್ಲ, ಅದು ಒಳಗೇ ಉಳಿದ್ರೆ?"

ಉಳಿಯುವುದಿಲ್ಲ. ಆಪರೇಷನ್ ಮುಗಿಯುವಾಗ ಡಾಕ್ಟರು ಹೆಚ್ಚಿನದನ್ನು ಹೊರಗೆ ಬಿಡುತ್ತಾರೆ. ಉಳಿದದ್ದು ರಕ್ತದಲ್ಲಿ ಕರಗಿ ಉಸಿರಿನ ಜೊತೆ ಹೋಗುತ್ತದೆ. ಅದು ಕಾರ್ಬನ್ ಡೈಆಕ್ಸೈಡ್. ನಾವು ದಿನವಿಡೀ ಉಸಿರಲ್ಲಿ ಬಿಡುವುದೂ ಅದನ್ನೇ ಅಲ್ವಾ? 1901ರಲ್ಲಿ ಜರ್ಮನಿಯ ಡಾಕ್ಟರ್ ಗೆಯಾರ್ಗ್ ಕೆಲ್ಲಿಂಗ್ ಕೊಳವೆಯಿಂದ ಒಳಗೆ ನೋಡಲು ನಾಯಿಯ ಹೊಟ್ಟೆಗೆ ತುಂಬಿದ್ದು ಸೋಸಿದ ಗಾಳಿ. ಆದರೆ ಗಾಳಿ ಬೇಗ ಕರಗುವುದಿಲ್ಲ, ರಕ್ತನಾಳಕ್ಕೆ ನುಗ್ಗಿದರೆ ಅಪಾಯ ಜಾಸ್ತಿ. ಕಾರ್ಬನ್ ಡೈಆಕ್ಸೈಡ್ ಬೇಗ ಕರಗುತ್ತದೆ, ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವಾಗ ಬೆಂಕಿಯನ್ನೂ ಹೊತ್ತಿಸುವುದಿಲ್ಲ. ಒತ್ತಡವನ್ನು ಮಷೀನೇ ಕಾಯುತ್ತದೆ, ಬಿಪಿಯ ಅಳತೆಯಲ್ಲಿ ಸಾಮಾನ್ಯವಾಗಿ 12ರಿಂದ 15.

ಬಟಾಟೆ, ಹಲಸಿನಹಣ್ಣು ತಿಂದು ಆಗುವ ವಾಯು ಬೇರೆ, ಅದು ಕರುಳಿನ ಒಳಗಿರುತ್ತದೆ. ಈ ಗ್ಯಾಸ್ ತುಂಬುವುದು ಕರುಳಿನ ಹೊರಗೆ, ಹೊಟ್ಟೆಯ ಗೋಡೆ ಮೇಲೆದ್ದು ಕೆಲಸಕ್ಕೆ ಜಾಗ ಸಿಗಲಿ ಎಂದು.

ಕರುಳಿನೊಳಗೇ ಗಾಳಿ ಬಿಡುವ ಚಿಕಿತ್ಸೆಯೂ ಇದೆ. ಎಳೆ ಮಕ್ಕಳಲ್ಲಿ ಕೆಲವೊಮ್ಮೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಮಗು ಕಾಲು ಮಡಚಿ ಬಿಟ್ಟುಬಿಟ್ಟು ಅಳುತ್ತದೆ, ವಾಂತಿ ಮಾಡುತ್ತದೆ. ಬೇಗ ಕರೆತಂದರೆ ಗುದದ್ವಾರದಿಂದ ಗಾಳಿ ಬಿಟ್ಟು, ಎಕ್ಸ್‌ರೇಯಲ್ಲಿ ನೋಡುತ್ತಲೇ ಅದನ್ನು ಹಿಂದಕ್ಕೆ ತಳ್ಳುತ್ತಾರೆ. ಎಷ್ಟೋ ಮಕ್ಕಳಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ಆದರೆ ತಡವಾಗಿ ಕರುಳು ಕೊಳೆತರೆ ಈ ದಾರಿ ಇಲ್ಲ. ಮಲದಲ್ಲಿ ರಕ್ತ ಕಾಣುವವರೆಗೆ ದಯವಿಟ್ಟು ಕಾಯಬೇಡಿ.

ಇನ್ನು ಹೆಗಲ ನೋವು. ದೇವಿಮನೆ ಘಟ್ಟ ಹತ್ತಿ ಮನೆ ಸೇರಿದವರು ರಾತ್ರಿ ಗಾಬರಿಯಿಂದ ಫೋನ್ ಮಾಡುವುದು ಇದಕ್ಕೇ. ಹೊಟ್ಟೆ ಕೊಯ್ದರೆ ಹೆಗಲು ಯಾಕೆ ನೋಯಬೇಕು? ಗ್ಯಾಸು ಹೊಟ್ಟೆ ಮತ್ತು ಎದೆಯ ನಡುವಿನ ಪರದೆಯನ್ನು ಕೆಣಕುತ್ತದೆ. ಆ ಪರದೆಯ ನರ ಹೊರಡುವುದು ಕುತ್ತಿಗೆಯಿಂದ, ಹಾಗಾಗಿ ನೋವು ಹೆಗಲಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮನೆಯೊಳಗೇ ಸ್ವಲ್ಪ ಸ್ವಲ್ಪ ಓಡಾಡಿ, ಡಾಕ್ಟರು ಕೊಟ್ಟ ನೋವಿನ ಮಾತ್ರೆ ತಗೊಳ್ಳಿ. ಇದನ್ನು ಆಪರೇಷನ್ನಿಗೆ ಮೊದಲೇ ರೋಗಿಗೆ ಹೇಳಲೇಬೇಕು ಎಂಬುದು ನನ್ನ ಹಟ. ಗೊತ್ತಿದ್ದರೆ ಅರ್ಧ ಹೆದರಿಕೆ ಇರುವುದೇ ಇಲ್ಲ.

ಎದೆ ಹಿಂಡಿದಂತಾದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ, ಹೊಟ್ಟೆನೋವು ಏರುತ್ತಾ ಹೋದರೆ ಮಾತ್ರ ಗ್ಯಾಸ್ ಅಂತ ಸುಮ್ನೆ ಕೂರಬೇಡಿ. ಆ ರಾತ್ರಿಯೇ ಹತ್ತಿರದ ಆಸ್ಪತ್ರೆಗೆ ಹೊರಡಿ.